ಎಡಿಸನ್ನನ ಹತ್ತು ವರ್ಷಗಳ ತಪಸ್ಸು

ಥಾಮಸ್ ಆಲ್ವ ಎಡಿಸನ್ ಎಂಬ ಹೆಸರನ್ನು ಕೇಳಿದೊಡನೆ ವಿದ್ಯುದ್ದೀಪ, ಫೋನೋಗ್ರಾಫ್, ಚಲಚ್ಚಿತ್ರ ಯಂತ್ರ ಇವು ಎಲ್ಲರ ನೆನಪಿಗೂ ಬರುತ್ತವೆ. ತನ್ನ ಜೀವಮಾನದಲ್ಲಿ ಅಮೆರಿಕದ ಸರ್ಕಾರದಿಂದ 1,093 ಪೇಟೆಂಟುಗಳನ್ನು ಪಡೆದ ಈ ಮಹಾಶಯನ ಕೀರ್ತಿ ಲೋಕವಿಖ್ಯಾತವಾದುದು. ಆದರೆ ಅವನು ತನ್ನ ಬಾಳಿನ ಹತ್ತು ಅಮೂಲ್ಯ ವರ್ಷಗಳನ್ನೂ ಅಪಾರ ಧನವನ್ನೂ ಧಾರೆಯೆರೆದ ಕಾರ್ಯವೊಂದು ಜನರ ನೆನಪಿನಿಂದ ಬಹುಮಟ್ಟಿಗೆ ಮರೆಯಾಗಿದೆ. ವಿದ್ಯುಚ್ಛಕ್ತಿಯಿಂದ ಓಡುವ ವಾಹನಕ್ಕೆ ತಕ್ಕ ಬ್ಯಾಟರಿಯೊಂದನ್ನು ನಿರ್ಮಿಸುವುದೇ ಆ ಕಾರ್ಯ. ಅದರಲ್ಲಿ ಅವನು ಗೆದ್ದನು. ಆದರೆ ಗೆದ್ದ ಹೊತ್ತಿಗೆ ಕಾಲವು ಬೇರೆ ದಾರಿ ಹಿಡಿದಿತ್ತು. ಆ ಗೆಲುವಿನ ಕತೆಯೂ ಅದರ ಹಿಂದಿನ ಸೋಲುಗಳ ಕತೆಯೂ ಇಂದಿನ ಕಾಲಕ್ಕೆ ವಿಶೇಷವಾಗಿ ಸಲ್ಲುತ್ತವೆ.

ಎಡಿಸನ್ 1847ನೆಯ ಇಸವಿ ಫೆಬ್ರವರಿ 11ರಂದು ಅಮೆರಿಕದ ಓಹಾಯೋ ಸಂಸ್ಥಾನದ ಮಿಲಾನ್ ಎಂಬ ಸಣ್ಣ ಊರಿನಲ್ಲಿ ಜನಿಸಿದನು. ಅವನು ಏಳು ವರ್ಷದವನಾಗಿದ್ದಾಗ ಆ ಕುಟುಂಬವು ಮಿಷಿಗನ್ ಸಂಸ್ಥಾನದ ಪೋರ್ಟ್ ಹ್ಯೂರಾನಿಗೆ ಬಂದು ನೆಲಸಿತು. ಶಾಲೆಯ ಶಿಕ್ಷಣ ಅವನಿಗೆ ದೊರೆತದ್ದು ಕೆಲವೇ ತಿಂಗಳು. ಹಿಂದೆ ಉಪಾಧ್ಯಾಯಿನಿಯಾಗಿದ್ದ ತಾಯಿ ನ್ಯಾನ್ಸಿ ಮಗನಿಗೆ ಮನೆಯಲ್ಲಿಯೇ ಪಾಠ ಹೇಳಿದಳು. ಬಾಲ್ಯದಲ್ಲಿಯೇ ಅವನ ಕಿವಿ ಮಂದವಾಯಿತು. ವಯಸ್ಸಾದಂತೆ ಆ ಕೊರತೆ ಹೆಚ್ಚುತ್ತಲೇ ಹೋಯಿತು. ಅದಕ್ಕಾಗಿ ಕೊರಗುವ ಸ್ವಭಾವ ಅವನದಾಗಿರಲಿಲ್ಲ. ಸುತ್ತಲಿನ ಗದ್ದಲವು ಕೇಳಿಸದಿರುವುದರಿಂದ ತನ್ನ ಮನಸ್ಸು ಏಕಾಗ್ರವಾಗುವುದೆಂದು ಅವನು ಸಮಾಧಾನ ತಂದುಕೊಂಡನು.

ಹನ್ನೆರಡನೆಯ ವಯಸ್ಸಿನಲ್ಲಿ ಎಡಿಸನ್ ಪೋರ್ಟ್ ಹ್ಯೂರಾನಿಗೂ ಡೆಟ್ರಾಯಿಟ್ ನಗರಕ್ಕೂ ನಡುವೆ ಓಡುತ್ತಿದ್ದ ರೈಲುಗಾಡಿಯಲ್ಲಿ ಪತ್ರಿಕೆಗಳನ್ನೂ ತಿಂಡಿಗಳನ್ನೂ ಮಾರುವ ಹುಡುಗನಾದನು. ಸಾಮಾನಿನ ಡಬ್ಬಿಯ ಒಂದು ಮೂಲೆಯಲ್ಲಿ ತನ್ನದೊಂದು ಪುಟ್ಟ ಪ್ರಯೋಗಶಾಲೆಯನ್ನು ಹೂಡಿದನು. 1862ರಲ್ಲಿ ಒಂದು ನಿಲ್ದಾಣದಲ್ಲಿ, ಹಳಿಯ ಮೇಲೆ ಆಡುತ್ತಿದ್ದ ಮಗುವನ್ನು ಬರುತ್ತಿದ್ದ ಬಂಡಿಯಿಂದ ರಕ್ಷಿಸಿದನು. ಮಗುವಿನ ತಂದೆಯೇ ಆ ನಿಲ್ದಾಣದ ಅಧಿಕಾರಿ. ಅವನು ಕೃತಜ್ಞತೆಯಿಂದ ಎಡಿಸನ್ನನಿಗೆ ತಂತಿ ವಿದ್ಯೆಯನ್ನು ಕಲಿಸಿದನು. ಅಂದು ಲಭಿಸಿದ ಆ ವಿದ್ಯೆಯೇ ಅವನನ್ನು ವಿದ್ಯುತ್ತಿನ ಲೋಕಕ್ಕೆ ಕರೆದೊಯ್ದಿತು. ಗಾಜಿನ ಜಾಡಿಗಳಲ್ಲಿ ಆಮ್ಲವನ್ನು ತುಂಬಿ ಲೋಹದ ಫಲಕಗಳನ್ನು ಇಳಿಬಿಟ್ಟು ವಿದ್ಯುತ್ತನ್ನು ಪಡೆಯುತ್ತಿದ್ದ ತಂತಿ ಕಚೇರಿಗಳಲ್ಲಿ ಅವನು ಹಲವು ವರ್ಷ ದುಡಿದನು. ಹೀಗೆ ವಿದ್ಯುತ್ಕೋಶವು ಅವನಿಗೆ ಹದಿಹರೆಯದಿಂದಲೇ ಪರಿಚಿತವಾದ ವಸ್ತುವಾಗಿತ್ತು.

1869ರಲ್ಲಿ ಅವನಿಗೆ ಮೊದಲನೆಯ ಪೇಟೆಂಟ್ ದೊರೆಯಿತು. ಶಾಸನಸಭೆಗಳಲ್ಲಿ ಮತಗಳನ್ನು ಕ್ಷಣಮಾತ್ರದಲ್ಲಿ ದಾಖಲೆ ಮಾಡುವ ಯಂತ್ರ ಅದು. ಯಂತ್ರವು ಚೆನ್ನಾಗಿಯೇ ಕೆಲಸ ಮಾಡಿತು. ಆದರೆ ಅದನ್ನು ಕೊಳ್ಳುವವರು ಯಾರೂ ಇರಲಿಲ್ಲ. ಜನರಿಗೆ ಬೇಡವಾದುದನ್ನು ಎಷ್ಟು ಜಾಣ್ಮೆಯಿಂದ ನಿರ್ಮಿಸಿದರೂ ಪ್ರಯೋಜನವಿಲ್ಲವೆಂಬ ಪಾಠವನ್ನು ಎಡಿಸನ್ ಅಂದು ಕಲಿತನು. ಮುಂದೆ ಯಾವ ಹೊಸ ವಸ್ತುವನ್ನು ಯೋಚಿಸಿದರೂ ಅದರ ಉಪಯೋಗವೇನು, ಅದಕ್ಕೆ ತಗಲುವ ವೆಚ್ಚವೆಷ್ಟು ಎಂಬ ಎರಡು ಪ್ರಶ್ನೆಗಳನ್ನು ಅವನು ಮೊದಲು ಕೇಳಿಕೊಳ್ಳುತ್ತಿದ್ದನು.

ವಿದ್ಯುದ್ದೀಪದ ಕತೆಯಲ್ಲಿ ಈ ಗುಣವು ಸ್ಪಷ್ಟವಾಗಿ ಕಾಣುತ್ತದೆ. 1876ರಲ್ಲಿ ನ್ಯೂಜೆರ್ಸಿ ಸಂಸ್ಥಾನದ ಮೆನ್ಲೋ ಪಾರ್ಕಿನಲ್ಲಿ ಅವನು ತನ್ನ ಪ್ರಯೋಗಶಾಲೆಯನ್ನು ಸ್ಥಾಪಿಸಿದನು. 1879ರಲ್ಲಿ ಅಲ್ಲಿ ಇಂಗಾಲದ ತಂತುವಿನ ದೀಪವು ಸಿದ್ಧವಾಯಿತು. ಅವನಿಗಿಂತ ಮುಂಚೆಯೂ ಹಲವರು ವಿದ್ಯುದ್ದೀಪವನ್ನು ಬೆಳಗಿಸಿದ್ದರು. ಆದರೆ ಮನೆಮನೆಗೂ ಅನಿಲದ ದೀಪಕ್ಕಿಂತ ದುಬಾರಿಯಾಗದಂತೆ ಬೆಳಕನ್ನು ಒದಗಿಸುವುದು ಹೇಗೆಂದು ಲೆಕ್ಕ ಹಾಕಿದವನು ಎಡಿಸನ್. ದೀಪದ ತಂತುವಿನ ರೋಧವನ್ನು ಹೆಚ್ಚಿಸಿದರೆ ಕಡಮೆ ವಿದ್ಯುತ್ಪ್ರವಾಹ ಸಾಕಾಗುತ್ತದೆ. ಪ್ರವಾಹವು ಕಡಮೆಯಾದರೆ ತೆಳುವಾದ ತಾಮ್ರದ ತಂತಿ ಸಾಕಾಗುತ್ತದೆ. ತಾಮ್ರವು ಉಳಿದರೆ ಹಣವೂ ಉಳಿಯುತ್ತದೆ. ಈ ಲೆಕ್ಕದ ಆಧಾರದ ಮೇಲೆಯೇ 1882ರ ಸೆಪ್ಟೆಂಬರ್ 4ರಂದು ನ್ಯೂಯಾರ್ಕಿನ ಪರ್ಲ್ ಬೀದಿಯ ವಿದ್ಯುದಾಗಾರವು ಕೆಲಸವನ್ನು ಆರಂಭಿಸಿತು.

1887ರಲ್ಲಿ ಎಡಿಸನ್ ನ್ಯೂಜೆರ್ಸಿಯ ವೆಸ್ಟ್ ಆರೆಂಜಿನಲ್ಲಿ ಇನ್ನೂ ದೊಡ್ಡದಾದ ಪ್ರಯೋಗಶಾಲೆಯನ್ನು ಕಟ್ಟಿಸಿದನು. ಅನಂತರದ ದಶಕದಲ್ಲಿ ಅವನು ಕೈಹಾಕಿದ ಒಂದು ಉದ್ಯಮವು ಅವನಿಗೆ ಭಾರಿ ನಷ್ಟವನ್ನು ತಂದಿತು. ನ್ಯೂಜೆರ್ಸಿಯ ಬೆಟ್ಟಗಳ ಬಂಡೆಗಳನ್ನು ಪುಡಿಮಾಡಿ ಅಯಸ್ಕಾಂತದ ನೆರವಿನಿಂದ ಕಬ್ಬಿಣದ ಅದುರನ್ನು ಬೇರ್ಪಡಿಸುವ ಯೋಜನೆ ಅದು. ಅಷ್ಟರಲ್ಲಿ ಮಿನಿಸೋಟಾ ಸಂಸ್ಥಾನದಲ್ಲಿ ಉತ್ತಮ ಅದುರು ಅತಿ ಸುಲಭ ಬೆಲೆಗೆ ದೊರೆಯತೊಡಗಿತು. ಎಡಿಸನ್ನನ ಗಣಿಯು ಮುಚ್ಚಿಹೋಯಿತು. ಅವನ ಸಂಪತ್ತಿನ ಬಹುಭಾಗ ಕರಗಿತು. ಇಂತಹ ಪೆಟ್ಟು ಬಿದ್ದಾಗ ಅವನಿಗೆ ಐವತ್ತು ದಾಟಿತ್ತು. ಬೇರೆಯವರಾಗಿದ್ದರೆ ಇದ್ದ ಕೀರ್ತಿಯಲ್ಲಿ ತೃಪ್ತರಾಗಿ ವಿಶ್ರಾಂತಿಯನ್ನು ಬಯಸುತ್ತಿದ್ದರು. ಎಡಿಸನ್ ಹೊಸ ಸಮಸ್ಯೆಯೊಂದನ್ನು ಹುಡುಕಿಕೊಂಡನು.

ಆ ಕಾಲದ ಅಮೆರಿಕದ ನಗರಗಳಲ್ಲಿ ಸರಕುಗಳನ್ನೂ ಜನರನ್ನೂ ಸಾಗಿಸುತ್ತಿದ್ದವು ಕುದುರೆಗಳು. ಅವುಗಳ ಮೇವು, ಲಾಯ, ಆರೈಕೆಗಳಿಗೆ ತಗಲುತ್ತಿದ್ದ ವೆಚ್ಚವೂ ಬೀದಿಗಳಲ್ಲಿ ಬೀಳುತ್ತಿದ್ದ ಲದ್ದಿಯೂ ನಗರವಾಸಿಗಳಿಗೆ ದೊಡ್ಡ ತೊಡಕಾಗಿದ್ದವು. ಕುದುರೆಯ ಸ್ಥಾನವನ್ನು ತುಂಬಲು ಮೂರು ಬಗೆಯ ವಾಹನಗಳು ಪೈಪೋಟಿ ನಡೆಸಿದ್ದವು: ಉಗಿಯಿಂದ ಓಡುವುದು, ಪೆಟ್ರೋಲಿನಿಂದ ಓಡುವುದು ಮತ್ತು ವಿದ್ಯುತ್ತಿನಿಂದ ಓಡುವುದು. 1899ರಲ್ಲಿ ಬೆಲ್ಜಿಯಂ ದೇಶದ ಕಮೀಲ್ ಜೆನಾಟ್ಸಿ ಎಂಬುವನು ವಿದ್ಯುತ್ ವಾಹನದಲ್ಲಿ ಗಂಟೆಗೆ 105 ಕಿಲೋಮೀಟರಿಗೂ ಮಿಗಿಲಾದ ವೇಗವನ್ನು ಸಾಧಿಸಿದ್ದನು. 1900ರಲ್ಲಿ ಅಮೆರಿಕದಲ್ಲಿ ತಯಾರಾದ 4,192 ಕಾರುಗಳಲ್ಲಿ 1,575 ವಿದ್ಯುತ್ ಕಾರುಗಳು. ಪೆಟ್ರೋಲ್ ಕಾರುಗಳ ಸಂಖ್ಯೆ ಸಾವಿರಕ್ಕೂ ಕಡಮೆ. ವಿದ್ಯುತ್ ಕಾರಿನಲ್ಲಿ ಸದ್ದಿರಲಿಲ್ಲ, ಹೊಗೆಯಿರಲಿಲ್ಲ. ಪೆಟ್ರೋಲ್ ಕಾರಿನ ಎಂಜಿನನ್ನು ಚಾಲೂ ಮಾಡಲು ಕಬ್ಬಿಣದ ಹಿಡಿಯನ್ನು ತೋಳಿನ ಬಲವೆಲ್ಲ ಬಿಟ್ಟು ತಿರುಗಿಸಬೇಕಾಗಿತ್ತು. ವಿದ್ಯುತ್ ಕಾರಿನಲ್ಲಿ ಆ ಶ್ರಮವೂ ಇರಲಿಲ್ಲ.

ಆದರೂ ವಿದ್ಯುತ್ ಕಾರಿಗೆ ಒಂದು ದೊಡ್ಡ ಕುಂದು ಇತ್ತು. ಅದೇ ಅದರ ಬ್ಯಾಟರಿ. ಈ ಕುಂದನ್ನು ಎಡಿಸನ್ ಬಲ್ಲವನಾಗಿದ್ದನು. 1896ರಲ್ಲಿ ನ್ಯೂಯಾರ್ಕಿನ ಬಳಿ ವಿದ್ಯುತ್ ಸಂಸ್ಥೆಗಳ ಸಮಾವೇಶವೊಂದು ನಡೆದಾಗ ಡೆಟ್ರಾಯಿಟ್ಟಿನ ಎಡಿಸನ್ ಸಂಸ್ಥೆಯ ತರುಣ ಎಂಜಿನಿಯರ್ ಒಬ್ಬನು ಅವನಿಗೆ ಪರಿಚಿತನಾದನು. ಆ ತರುಣನು ಬಿಡುವಿನ ವೇಳೆಯಲ್ಲಿ ಪೆಟ್ರೋಲಿನಿಂದ ಓಡುವ ಗಾಡಿಯೊಂದನ್ನು ತಯಾರಿಸಿದ್ದನು. ವಿದ್ಯುತ್ ಗಾಡಿಯು ವಿದ್ಯುದಾಗಾರದ ಸಮೀಪದಲ್ಲಿಯೇ ಇರಬೇಕಾಗುತ್ತದೆ, ಅದರ ಬ್ಯಾಟರಿಯೂ ಬಹಳ ಭಾರವಾದುದು, ಆದುದರಿಂದ ಹಿಡಿದ ದಾರಿಯನ್ನು ಬಿಡಬಾರದು ಎಂದು ಎಡಿಸನ್ ಅವನಿಗೆ ಉತ್ತೇಜನ ನೀಡಿದನು. ಆ ತರುಣನೇ ಹೆನ್ರಿ ಫೋರ್ಡ್. ಮುಂದೆ ಇವರಿಬ್ಬರೂ ಆಪ್ತಮಿತ್ರರಾದರು. ಒಬ್ಬನು ಪೆಟ್ರೋಲ್ ಕಾರನ್ನು ಬೆಳೆಸಿದನು, ಇನ್ನೊಬ್ಬನು ವಿದ್ಯುತ್ ಕಾರಿನ ಕುಂದನ್ನು ಕಳೆಯಲು ಹೊರಟನು.

ವಿದ್ಯುತ್ತನ್ನು ತುಂಬಿಟ್ಟುಕೊಂಡು ಬೇಕಾದಾಗ ಹಿಂತಿರುಗಿ ಕೊಡುವ ಸಾಧನಕ್ಕೆ ಸಂಚಾಯಕ ಬ್ಯಾಟರಿ ಎಂದು ಹೆಸರು. ಫ್ರಾನ್ಸ್ ದೇಶದ ಗಾಸ್ಟನ್ ಪ್ಲಾಂಟೆ 1859ರಲ್ಲಿ ಮೊದಲ ಸಂಚಾಯಕವನ್ನು ರಚಿಸಿದನು. ಅದರಲ್ಲಿ ಸೀಸದ ಫಲಕಗಳು ಗಂಧಕಾಮ್ಲದಲ್ಲಿ ಮುಳುಗಿರುತ್ತಿದ್ದವು. ಮುಂದೆ ಇತರರು ಅದನ್ನು ಸುಧಾರಿಸಿದರೂ ಅದರ ಮೂಲ ದೋಷಗಳು ಉಳಿದೇ ಇದ್ದವು. ಸೀಸವು ಅತಿ ಭಾರವಾದ ಲೋಹ. ವಾಹನದ ಶಕ್ತಿಯಲ್ಲಿ ಗಣನೀಯ ಭಾಗವು ಬ್ಯಾಟರಿಯನ್ನು ಹೊರುವುದಕ್ಕೇ ವ್ಯಯವಾಗುತ್ತಿತ್ತು. ವಾಹನದ ಕುಲುಕಾಟಕ್ಕೆ ಫಲಕಗಳ ಲೇಪವು ಉದುರಿಹೋಗುತ್ತಿತ್ತು. ವಿದ್ಯುತ್ ಬರಿದಾದ ಬ್ಯಾಟರಿಯನ್ನು ಹಾಗೆಯೇ ಬಿಟ್ಟರೆ ಫಲಕಗಳು ಕೆಟ್ಟುಹೋಗುತ್ತಿದ್ದವು. ಹೀಗಾಗಿ ವಾಹನದ ಒಡೆಯನು ಮತ್ತೆ ಮತ್ತೆ ಹೊಸ ಫಲಕಗಳಿಗಾಗಿ ಹಣ ತೆರಬೇಕಾಗುತ್ತಿತ್ತು. ವಿದ್ಯುತ್ತಿಗಾಗಿ ತೆರುವ ಹಣವು ಅಲ್ಪವಾದರೂ ಬ್ಯಾಟರಿಯ ಸವಕಳಿಯು ಆ ಉಳಿತಾಯವನ್ನು ನುಂಗಿಬಿಡುತ್ತಿತ್ತು.

ಲೋಹವನ್ನು ಸದಾ ಕೊರೆಯುವ ಆಮ್ಲವನ್ನು ಬಿಟ್ಟು ಕ್ಷಾರದ ದ್ರಾವಣವನ್ನು ಏಕೆ ಬಳಸಬಾರದೆಂದು ಎಡಿಸನ್ ಯೋಚಿಸಿದನು. ಹಗುರವಾಗಿರಬೇಕು, ಬಹುಕಾಲ ಬಾಳಬೇಕು, ಒರಟಾದ ಬಳಕೆಯನ್ನು ತಾಳಿಕೊಳ್ಳಬೇಕು. ಇವು ಅವನು ತನ್ನ ಬ್ಯಾಟರಿಗೆ ವಿಧಿಸಿಕೊಂಡ ನಿಯಮಗಳು. 1899ರ ಸುಮಾರಿನಲ್ಲಿ ಕೆಲಸ ಪ್ರಾರಂಭವಾಯಿತು. ಯಾವ ಲೋಹ ಸೂಕ್ತ, ಯಾವ ಸಂಯುಕ್ತ ಸೂಕ್ತ ಎಂಬುದನ್ನು ತಿಳಿಸುವ ಸಿದ್ಧಾಂತವು ಆಗ ಇರಲಿಲ್ಲ. ಒಂದಾದ ಮೇಲೊಂದು ವಸ್ತುವನ್ನು ಸಣ್ಣ ಸಣ್ಣ ಕೋಶಗಳಲ್ಲಿ ಇಟ್ಟು ಪರೀಕ್ಷಿಸುವುದೊಂದೇ ಉಳಿದ ಮಾರ್ಗವಾಗಿತ್ತು. ಸಹಾಯಕರು ಹಗಲಿರುಳು ಸರದಿಯ ಮೇಲೆ ದುಡಿದರು. ಸಾವಿರಾರು ಪ್ರಯೋಗಗಳು ನಡೆದರೂ ಫಲ ಕಾಣಲಿಲ್ಲ. ಒಮ್ಮೆ ಅವನ ಜೊತೆಗಾರ ವಾಲ್ಟರ್ ಮ್ಯಾಲರಿಯು ಇಷ್ಟು ಶ್ರಮಕ್ಕೆ ಫಲಿತಾಂಶವೇ ಇಲ್ಲವಾಯಿತಲ್ಲ ಎಂದು ಮರುಗಿದನಂತೆ. ಎಡಿಸನ್ ನಗುತ್ತ, ಫಲಿತಾಂಶಗಳು ಬೇಕಾದಷ್ಟು ದೊರೆತಿವೆಯೆಂದೂ ಉಪಯೋಗಕ್ಕೆ ಬಾರದ ಸಾವಿರಾರು ವಸ್ತುಗಳು ಈಗ ತನಗೆ ತಿಳಿದಿವೆಯೆಂದೂ ಹೇಳಿದನಂತೆ.

ಕೊನೆಗೆ ಕಬ್ಬಿಣ ಮತ್ತು ನಿಕ್ಕಲ್ ಎಂಬ ಎರಡು ಲೋಹಗಳು ಅವನ ಕೈಹಿಡಿದವು. ಒಂದು ಫಲಕದಲ್ಲಿ ಕಬ್ಬಿಣದ ಆಕ್ಸೈಡ್, ಇನ್ನೊಂದರಲ್ಲಿ ನಿಕ್ಕಲ್ ಹೈಡ್ರಾಕ್ಸೈಡ್, ಇವುಗಳ ನಡುವೆ ಪೊಟ್ಯಾಸಿಯಂ ಹೈಡ್ರಾಕ್ಸೈಡಿನ ದ್ರಾವಣ. ಇದೇ ಎಡಿಸನ್ನನ ಕೋಶದ ರಚನೆ. ಇದನ್ನು ಇಡುವ ಪಾತ್ರೆ ಉಕ್ಕಿನದು. ಈ ದ್ರಾವಣವು ಉಕ್ಕನ್ನು ಕೊರೆಯುವುದಿಲ್ಲವಾದ್ದರಿಂದ ಒಡೆಯುವ ಗಾಜಾಗಲಿ ರಬ್ಬರಾಗಲಿ ಬೇಕಾಗಲಿಲ್ಲ. ಇದೇ ಕಾಲಕ್ಕೆ ಸ್ವೀಡನ್ ದೇಶದಲ್ಲಿ ವಾಲ್ಡೆಮಾರ್ ಯುಂಗ್ನರ್ ಎಂಬ ವಿಜ್ಞಾನಿಯೂ ನಿಕ್ಕಲ್ ಬಳಸಿ ಕ್ಷಾರಕೋಶವನ್ನು ನಿರ್ಮಿಸಿದ್ದನು. ಅವನು ಕಬ್ಬಿಣವನ್ನೂ ಪರೀಕ್ಷಿಸಿದನು, ಕ್ಯಾಡ್ಮಿಯಂ ಲೋಹವನ್ನೂ ಪರೀಕ್ಷಿಸಿದನು. ಪೇಟೆಂಟಿನ ವಿಷಯದಲ್ಲಿ ಎರಡು ಪಕ್ಷಗಳಿಗೂ ವ್ಯಾಜ್ಯ ನಡೆಯಿತು. ಒಂದೇ ಕಾಲದಲ್ಲಿ ದೂರದ ಎರಡು ದೇಶಗಳಲ್ಲಿ ಇಬ್ಬರಿಗೆ ಒಂದೇ ವಿಚಾರ ಹೊಳೆಯುವುದು ವಿಜ್ಞಾನದ ಇತಿಹಾಸದಲ್ಲಿ ಅಪರೂಪವೇನಲ್ಲ. ಕ್ಷಾರಕೋಶದ ಕೀರ್ತಿಯಲ್ಲಿ ಯುಂಗ್ನರನಿಗೂ ನ್ಯಾಯವಾದ ಪಾಲು ಸಲ್ಲಬೇಕು.

1901ರಲ್ಲಿ ಎಡಿಸನ್ ಬ್ಯಾಟರಿಯನ್ನು ತಯಾರಿಸುವ ಸಂಸ್ಥೆಯೊಂದನ್ನು ಸ್ಥಾಪಿಸಿದನು. ಹೊಸ ಬ್ಯಾಟರಿಯ ವಿಷಯವಾಗಿ ಪತ್ರಿಕೆಗಳಲ್ಲಿ ಮೊದಲೇ ಭಾರಿ ಪ್ರಚಾರ ನಡೆದಿತ್ತು. ಅವನು ನೀಡಿದ ಭರವಸೆಗಳು ಜನರ ನಿರೀಕ್ಷೆಯನ್ನು ಬಹಳ ಎತ್ತರಕ್ಕೆ ಏರಿಸಿದ್ದವು. 1903ರ ವೇಳೆಗೆ ಬ್ಯಾಟರಿಗಳು ತಯಾರಾಗಿ ಮಾರಾಟಕ್ಕೆ ಬಂದವು. ಮೊದಮೊದಲು ಎಲ್ಲವೂ ಸರಿಯಾಗಿ ನಡೆಯಿತು. ಆದರೆ ಕೆಲವು ತಿಂಗಳು ಕಳೆಯುವಷ್ಟರಲ್ಲಿ ದೂರುಗಳು ಬರತೊಡಗಿದವು. ಕೆಲವು ಪಾತ್ರೆಗಳ ಬೆಸುಗೆ ಬಿಟ್ಟು ದ್ರಾವಣ ಸೋರಿತು. ಇನ್ನು ಕೆಲವು ಕೋಶಗಳು ದಿನೇ ದಿನೇ ಶಕ್ತಿಗುಂದಿದವು. ಫಲಕದಲ್ಲಿ ವಿದ್ಯುತ್ತು ಸರಾಗವಾಗಿ ಹರಿಯಲೆಂದು ನಿಕ್ಕಲ್ ಹೈಡ್ರಾಕ್ಸೈಡಿನೊಡನೆ ಬೆರೆಸಿದ್ದ ಗ್ರಾಫೈಟ್ ಪುಡಿಯು ಬಳಕೆಯಲ್ಲಿ ಕೆಡುತ್ತಿತ್ತು.

ಎಡಿಸನ್ನನ ಮುಂದೆ ಆಗ ಎರಡು ದಾರಿಗಳಿದ್ದವು. ದೋಷವನ್ನು ಮರೆಮಾಚಿ ತನ್ನ ಹೆಸರಿನ ಬಲದಿಂದ ಮಾರಾಟವನ್ನು ಮುಂದುವರಿಸುವುದು ಒಂದು; ಅದನ್ನು ಒಪ್ಪಿಕೊಂಡು ನಷ್ಟವನ್ನು ಸಹಿಸುವುದು ಇನ್ನೊಂದು. ಅವನು ಎರಡನೆಯದನ್ನು ಆರಿಸಿಕೊಂಡನು. ಕಾರ್ಖಾನೆಯಲ್ಲಿ ಉತ್ಪಾದನೆ ನಿಂತಿತು. ಕೆಟ್ಟ ಬ್ಯಾಟರಿಗಳನ್ನು ಅವನು ತನ್ನ ಖರ್ಚಿನಿಂದಲೇ ಹಿಂದಕ್ಕೆ ಪಡೆದನು. ಅವಸರದಿಂದ ನುಡಿದ ಭರವಸೆಗೆ ಹೀಗೆ ಅವನು ಬೆಲೆ ತೆತ್ತನು. ಅನಂತರ ಮತ್ತೆ ಪ್ರಯೋಗಶಾಲೆಯ ಮೇಜಿನ ಮುಂದೆ ಕುಳಿತನು. ಮತ್ತೆ ಐದು ವರ್ಷ ಅದೇ ಕೆಲಸ ನಡೆಯಿತು.

ಗ್ರಾಫೈಟಿಗೆ ಬದಲಾಗಿ ಅತಿ ತೆಳುವಾದ ನಿಕ್ಕಲ್ ಹಾಳೆಯ ಚೂರುಗಳನ್ನು ಬಳಸುವುದೆಂದು ಈ ಬಾರಿ ಅವನು ನಿರ್ಧರಿಸಿದನು. ಅಂತಹ ಹಾಳೆಯನ್ನು ತಯಾರಿಸಿದ ವಿಧಾನವು ಬಹು ಸ್ವಾರಸ್ಯವಾದುದು. ವಿದ್ಯುಲ್ಲೇಪನದಿಂದ ತಾಮ್ರದ ಒಂದು ಪದರ, ಅದರ ಮೇಲೆ ನಿಕ್ಕಲಿನ ಒಂದು ಪದರ, ಮತ್ತೆ ತಾಮ್ರ, ಮತ್ತೆ ನಿಕ್ಕಲ್ ಹೀಗೆ ನೂರಾರು ಪದರಗಳನ್ನು ಬೆಳೆಸಲಾಗುತ್ತಿತ್ತು. ಅನಂತರ ಆ ತಗಡನ್ನು ಸಣ್ಣ ತುಂಡುಗಳಾಗಿ ಕತ್ತರಿಸಿ ತಾಮ್ರವನ್ನು ಮಾತ್ರ ಕರಗಿಸುವ ದ್ರಾವಣದಲ್ಲಿ ಮುಳುಗಿಸುತ್ತಿದ್ದರು. ತಾಮ್ರವು ಕರಗಿಹೋಗಿ ಗಾಳಿಗೆ ಹಾರುವಷ್ಟು ತೆಳುವಾದ ನಿಕ್ಕಲ್ ಚೂರುಗಳು ಉಳಿಯುತ್ತಿದ್ದವು. ಸಣ್ಣ ರಂಧ್ರಗಳುಳ್ಳ ಉಕ್ಕಿನ ಕೊಳವೆಯೊಳಗೆ ಈ ಚೂರುಗಳನ್ನೂ ನಿಕ್ಕಲ್ ಹೈಡ್ರಾಕ್ಸೈಡನ್ನೂ ಒಂದರ ಮೇಲೊಂದು ಪದರವಾಗಿ ಹಾಕಿ ಒತ್ತಿ ತುಂಬುತ್ತಿದ್ದರು. ಬೆರಳಿಗಿಂತ ಸಣ್ಣದಾದ ಒಂದೊಂದು ಕೊಳವೆಯಲ್ಲಿಯೂ ಇಂತಹ ನೂರಾರು ಪದರಗಳಿರುತ್ತಿದ್ದವು. ದ್ರಾವಣಕ್ಕೆ ಅಲ್ಪ ಪ್ರಮಾಣದಲ್ಲಿ ಲಿಥಿಯಂ ಹೈಡ್ರಾಕ್ಸೈಡನ್ನು ಸೇರಿಸಿದರೆ ಕೋಶದ ಸಾಮರ್ಥ್ಯವೂ ಆಯುಷ್ಯವೂ ಹೆಚ್ಚುವುದೆಂಬುದನ್ನು ಅವನು ಕಂಡುಕೊಂಡನು.

ತನ್ನ ಬ್ಯಾಟರಿಯನ್ನು ಎಡಿಸನ್ ನಿರ್ದಯೆಯಿಂದ ಪರೀಕ್ಷಿಸಿದನು. ಅದನ್ನು ಯಂತ್ರಗಳಿಂದ ಎಡೆಬಿಡದೆ ಕುಕ್ಕಿಸಿದನು. ಕಟ್ಟಡದ ಮೇಲಂತಸ್ತಿನಿಂದ ಕೆಳಕ್ಕೆ ಹಾಕಿಸಿದನು. ವಾಹನಗಳಲ್ಲಿ ಇರಿಸಿ ಹಳ್ಳಕೊಳ್ಳಗಳ ಕೆಟ್ಟ ರಸ್ತೆಗಳಲ್ಲಿ ಓಡಿಸಿದನು. ತನಗೆ ಪೂರ್ಣ ನಂಬಿಕೆ ಬಂದ ಮೇಲೆಯೇ, 1909ರಲ್ಲಿ, ಸುಧಾರಿತ ಬ್ಯಾಟರಿಯನ್ನು ಮಾರಾಟಕ್ಕೆ ಬಿಟ್ಟನು. ಆಗ ಅವನಿಗೆ ಅರವತ್ತೆರಡು ವರ್ಷ. 1911ರಿಂದ ಡೆಟ್ರಾಯಿಟ್ ಎಲೆಕ್ಟ್ರಿಕ್ ಎಂಬ ಪ್ರಸಿದ್ಧ ಕಾರು ಬೇಕೆಂದವರಿಗೆ ಎಡಿಸನ್ ಬ್ಯಾಟರಿಯೊಡನೆ ದೊರೆಯತೊಡಗಿತು. ಆ ಕಾರು ಒಮ್ಮೆ ವಿದ್ಯುತ್ತನ್ನು ತುಂಬಿದರೆ ಸುಮಾರು 80 ಮೈಲಿ, ಎಂದರೆ 130 ಕಿಲೋಮೀಟರಿನಷ್ಟು ದೂರ ಓಡುವುದೆಂದು ಹೇಳಲಾಗುತ್ತಿತ್ತು. ಹೆನ್ರಿ ಫೋರ್ಡನ ಪತ್ನಿ ಕ್ಲಾರಾ ಕೂಡ ಗಂಡನ ಪೆಟ್ರೋಲ್ ಕಾರನ್ನು ಬಿಟ್ಟು ಡೆಟ್ರಾಯಿಟ್ ಎಲೆಕ್ಟ್ರಿಕ್ ಕಾರನ್ನು ನಡೆಸುತ್ತಿದ್ದಳು.

ಎಡಿಸನ್ನನ ಬ್ಯಾಟರಿಯ ಬೆಲೆ ಸೀಸದ ಬ್ಯಾಟರಿಯ ಬೆಲೆಗಿಂತ ಬಹಳ ಹೆಚ್ಚಾಗಿತ್ತು. ಆದರೆ ಬೆಲೆ ಒಂದು, ವೆಚ್ಚ ಇನ್ನೊಂದು. ಒಂದು ಬ್ಯಾಟರಿಯ ಬೆಲೆ ನೂರು ರೂಪಾಯಿ, ಅದು ಬಾಳುವುದು ಎರಡು ವರ್ಷ ಎಂದಿಟ್ಟುಕೊಂಡರೆ ಅದರ ವೆಚ್ಚ ವರ್ಷಕ್ಕೆ ಐವತ್ತು ರೂಪಾಯಿ ಆಗುತ್ತದೆ. ಇನ್ನೊಂದರ ಬೆಲೆ ಮುನ್ನೂರು ರೂಪಾಯಿ, ಅದು ಬಾಳುವುದು ಹನ್ನೆರಡು ವರ್ಷ ಎಂದಿಟ್ಟುಕೊಂಡರೆ ಅದರ ವೆಚ್ಚ ವರ್ಷಕ್ಕೆ ಇಪ್ಪತ್ತೈದೇ ರೂಪಾಯಿ. ಕೊಳ್ಳುವಾಗ ದುಬಾರಿಯಾಗಿ ಕಂಡದ್ದು ಬಳಸುವಾಗ ಅಗ್ಗವಾಗುತ್ತದೆ. ನಿಕ್ಕಲ್ ಮತ್ತು ಕಬ್ಬಿಣದ ಕೋಶವು ಹಲವು ವರ್ಷ ಬಾಳುತ್ತಿತ್ತು. ಇಪ್ಪತ್ತು ವರ್ಷಗಳಿಗೂ ಮೀರಿ ಕೆಲಸ ಮಾಡಿದ ಕೋಶಗಳೂ ಉಂಟು. ಬರಿದಾಗಿ ಬಿಟ್ಟರೂ, ಮಿತಿಮೀರಿ ವಿದ್ಯುತ್ ತುಂಬಿದರೂ ಅದು ಸುಲಭವಾಗಿ ಕೆಡುತ್ತಿರಲಿಲ್ಲ. ಆಗಾಗ ನೀರನ್ನು ತುಂಬಿದರೆ ಸಾಕಾಗುತ್ತಿತ್ತು. ದಿನವೂ ಗೊತ್ತಾದ ಬೀದಿಗಳಲ್ಲಿ ಸರಕನ್ನು ಹಂಚಿ ರಾತ್ರಿ ತಂಗುದಾಣಕ್ಕೆ ಹಿಂತಿರುಗುವ ಬಂಡಿಗಳ ಒಡೆಯರು ಈ ಲೆಕ್ಕವನ್ನು ಅರಿತು ಅದನ್ನು ಬರಮಾಡಿಕೊಂಡರು.

ಆದರೆ ಸಾಮಾನ್ಯ ಜನರು ನೋಡುವುದು ಇಂದು ಕೈಬಿಡುವ ಹಣವನ್ನು. ಡೆಟ್ರಾಯಿಟ್ ಎಲೆಕ್ಟ್ರಿಕ್ ಕಾರಿಗೆ ಎಡಿಸನ್ ಬ್ಯಾಟರಿ ಬೇಕೆಂದರೆ ಕಾರಿನ ಬೆಲೆಯ ಮೇಲೆ 600 ಡಾಲರುಗಳನ್ನು ಹೆಚ್ಚಾಗಿ ಕೊಡಬೇಕಾಗಿತ್ತು. ಅತ್ತ ಹೆನ್ರಿ ಫೋರ್ಡನು 1908ರಲ್ಲಿ ಟಿ ಮಾದರಿಯ ಕಾರನ್ನು ಹೊರತಂದಿದ್ದನು. 1913ರಲ್ಲಿ ಚಲಿಸುವ ಜೋಡಣಾ ಸಾಲನ್ನು ಅಳವಡಿಸಿ ಅದರ ಬೆಲೆಯನ್ನು ಇಳಿಸುತ್ತ ಹೋದನು. 1916ರ ವೇಳೆಗೆ ಟಿ ಮಾದರಿಯ ಕಾರು 360 ಡಾಲರಿಗೆ ದೊರೆಯುತ್ತಿತ್ತು. ಎಡಿಸನ್ ಬ್ಯಾಟರಿಗಾಗಿ ಹೆಚ್ಚಾಗಿ ತೆರಬೇಕಾದ ಹಣಕ್ಕಿಂತ ಫೋರ್ಡನ ಇಡೀ ಕಾರಿನ ಬೆಲೆಯೇ ಕಡಮೆಯಾಯಿತು! ವಿದ್ಯುತ್ ಕಾರಿನ ಸೋಲಿಗೆ ಇದೊಂದೇ ಅಂಶ ಬಹುಮಟ್ಟಿನ ವಿವರಣೆಯಾಗಬಲ್ಲದು.

ಬೇರೆ ಕಾರಣಗಳೂ ಒದಗಿಬಂದವು. 1901ರಲ್ಲಿ ಟೆಕ್ಸಾಸ್ ಸಂಸ್ಥಾನದಲ್ಲಿ ಭಾರಿ ಎಣ್ಣೆಯ ಬಾವಿಯು ಚಿಮ್ಮಿತು, ಪೆಟ್ರೋಲ್ ಹೇರಳವಾಯಿತು. ಹಳ್ಳಿಗಳಲ್ಲಿ ವಿದ್ಯುತ್ ಇರಲಿಲ್ಲ. ಪೆಟ್ರೋಲನ್ನಾದರೋ ಡಬ್ಬಿಗಳಲ್ಲಿ ತುಂಬಿ ಎಲ್ಲಿಗಾದರೂ ಒಯ್ಯಬಹುದಾಗಿತ್ತು. 1912ರಲ್ಲಿ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರನ್ನು ಕ್ಯಾಡಿಲ್ಯಾಕ್ ಕಾರಿಗೆ ಜೋಡಿಸಲಾಯಿತು. ಅಂದಿನಿಂದ ಹಿಡಿಯನ್ನು ತಿರುಗಿಸುವ ಕಷ್ಟವೂ ನೀಗಿತು. ಸ್ಟಾರ್ಟರಿಗೆ ಒಮ್ಮೆಲೆ ಪ್ರಬಲವಾದ ವಿದ್ಯುತ್ಪ್ರವಾಹ ಬೇಕು. ಅದನ್ನು ಸೀಸದ ಬ್ಯಾಟರಿಯು ಕೊಡಬಲ್ಲದಾಗಿತ್ತು. ಎಡಿಸನ್ನನ ಬ್ಯಾಟರಿಯು, ಅದರಲ್ಲಿಯೂ ಚಳಿಗಾಲದಲ್ಲಿ, ಕೊಡಲಾರದಾಗಿತ್ತು. ಎಡಿಸನ್ ಯಾವುದನ್ನು ಹೊರಗಟ್ಟಲು ಹೊರಟಿದ್ದನೋ ಆ ಸೀಸದ ಬ್ಯಾಟರಿಯೇ ಪೆಟ್ರೋಲ್ ಕಾರಿನೊಳಗೆ ಭದ್ರವಾಗಿ ನೆಲೆಯೂರಿತು.

1914ರಲ್ಲಿ ಫೋರ್ಡ್ ಮತ್ತು ಎಡಿಸನ್ ಸೇರಿ ಸುಲಭ ಬೆಲೆಯ ವಿದ್ಯುತ್ ಕಾರನ್ನು ಹೊರತರುವರೆಂಬ ಸುದ್ದಿ ಹಬ್ಬಿತು. ಕೆಲವು ಪ್ರಾಯೋಗಿಕ ವಾಹನಗಳೂ ಸಿದ್ಧವಾದವು. ಆದರೆ ಆ ಕಾರು ಮಾರುಕಟ್ಟೆಗೆ ಬರಲೇ ಇಲ್ಲ. ಅದೇ ವರ್ಷದ ಡಿಸೆಂಬರ್ ತಿಂಗಳಲ್ಲಿ ವೆಸ್ಟ್ ಆರೆಂಜಿನ ಕಾರ್ಖಾನೆಯ ಬಹುಭಾಗ ಬೆಂಕಿಗೆ ಆಹುತಿಯಾಯಿತು. ಅರವತ್ತೇಳು ವರ್ಷದ ಎಡಿಸನ್ ಧೃತಿಗೆಡದೆ ಅದನ್ನು ಮತ್ತೆ ಕಟ್ಟಿಸತೊಡಗಿದನು. 1916ರ ಜನವರಿಯಲ್ಲಿ ಇನ್ನೊಂದು ದುರಂತ ಸಂಭವಿಸಿತು. ಅವನ ಬ್ಯಾಟರಿಗಳನ್ನು ಅಳವಡಿಸಿದ್ದ ಇ-2 ಎಂಬ ಜಲಾಂತರ್ಗಾಮಿಯಲ್ಲಿ, ಅದು ನ್ಯೂಯಾರ್ಕಿನ ನೌಕಾಂಗಣದಲ್ಲಿದ್ದಾಗ, ಸ್ಫೋಟವಾಗಿ ಕೆಲವರು ಪ್ರಾಣ ಕಳೆದುಕೊಂಡರು. ಕೋಶಗಳಿಂದ ಹೊರಬಿದ್ದ ಜಲಜನಕ ಅನಿಲವು ಒಳಗೆ ಶೇಖರವಾದುದು ಇದಕ್ಕೆ ಕಾರಣವಾಗಿತ್ತು. ಉತ್ತಮ ಸಾಧನವಾದರೂ ಅದರ ಸ್ವಭಾವವನ್ನು ಅರಿತು, ಗಾಳಿಯ ಸಂಚಾರ ಮುಂತಾದ ಎಚ್ಚರಿಕೆಗಳನ್ನು ವಹಿಸಿ ಬಳಸದಿದ್ದರೆ ಅಪಾಯ ತಪ್ಪದು.

ಕಾರಿನಲ್ಲಿ ಸ್ಥಾನವನ್ನು ಕಳೆದುಕೊಂಡರೂ ಎಡಿಸನ್ನನ ಬ್ಯಾಟರಿ ವ್ಯರ್ಥವಾಗಲಿಲ್ಲ. ರೈಲುಬಂಡಿಗಳ ದೀಪಗಳಲ್ಲಿ, ರೈಲ್ವೆಯ ಸಂಕೇತ ವ್ಯವಸ್ಥೆಯಲ್ಲಿ, ಕಾರ್ಖಾನೆಗಳ ಸರಕುಬಂಡಿಗಳಲ್ಲಿ ಅದು ದಶಕಗಳ ಕಾಲ ದುಡಿಯಿತು. ಗಣಿ ಕೆಲಸಗಾರರ ಟೋಪಿಯ ದೀಪಕ್ಕೂ ಅದರಿಂದ ವಿದ್ಯುತ್ ದೊರೆಯಿತು. ತೆರೆದ ಜ್ವಾಲೆಯ ದೀಪದಿಂದ ಗಣಿಗಳಲ್ಲಿ ಆಗುತ್ತಿದ್ದ ಅನಾಹುತಗಳನ್ನು ತಪ್ಪಿಸಲು ಇದು ಸಹಾಯಕವಾಯಿತು. ಎಡಿಸನ್ನನ ಉದ್ಯಮಗಳಲ್ಲಿ ಹೆಚ್ಚು ಲಾಭ ತಂದವುಗಳಲ್ಲಿ ಬ್ಯಾಟರಿಯೂ ಒಂದಾಯಿತು. ಅಮೆರಿಕದಲ್ಲಿ ಅದರ ತಯಾರಿಕೆಯು 1975ರವರೆಗೂ ನಡೆಯಿತು.

1931ನೆಯ ಇಸವಿ ಅಕ್ಟೋಬರ್ 18ರಂದು, ತನ್ನ ಎಂಬತ್ತನಾಲ್ಕನೆಯ ವಯಸ್ಸಿನಲ್ಲಿ, ಎಡಿಸನ್ ವೆಸ್ಟ್ ಆರೆಂಜಿನ ತನ್ನ ಮನೆಯಲ್ಲಿ ಕೊನೆಯುಸಿರೆಳೆದನು. ಮೂರು ದಿನಗಳ ಅನಂತರ ಅಮೆರಿಕದ ಜನರು ರಾತ್ರಿ ಸ್ವಲ್ಪ ಹೊತ್ತು ತಮ್ಮ ದೀಪಗಳನ್ನು ಆರಿಸಿ ಅವನಿಗೆ ಗೌರವವನ್ನು ಸಲ್ಲಿಸಿದರು. ಅವರು ಅಂದು ನೆನೆದದ್ದು ದೀಪದ ಎಡಿಸನ್ನನನ್ನು. ಬ್ಯಾಟರಿಯ ಎಡಿಸನ್ನನನ್ನು ಲೋಕವು ಮತ್ತೆ ನೆನೆಯಲು ಇನ್ನೂ ಬಹುಕಾಲ ಹಿಡಿಯಿತು.

ಪೆಟ್ರೋಲಿನ ಹೊಗೆಯಿಂದ ನಗರಗಳ ಗಾಳಿ ಕೆಟ್ಟಾಗ, ಎಣ್ಣೆಯ ಬೆಲೆ ಏರಿದಾಗ, ಜನರ ದೃಷ್ಟಿ ಮತ್ತೆ ವಿದ್ಯುತ್ ವಾಹನದ ಕಡೆಗೆ ಹೊರಳಿತು. 2001ರಲ್ಲಿ ಬೆಂಗಳೂರಿನಲ್ಲಿ ತಯಾರಾಗಿ ಮಾರಾಟಕ್ಕೆ ಬಂದ ರೇವಾ ಎಂಬ ಪುಟ್ಟ ವಿದ್ಯುತ್ ಕಾರು ಕೂಡ ಮೊದಲು ಓಡಿದ್ದು ಸೀಸದ ಬ್ಯಾಟರಿಗಳಿಂದಲೇ. ಭಾರ ಮತ್ತು ಸವಕಳಿ ಎಂಬ ನೂರು ವರ್ಷಗಳ ಹಿಂದಿನ ಸಮಸ್ಯೆ ಆಗಲೂ ಉಳಿದಿತ್ತು. ಲಿಥಿಯಂ ಅಯಾನ್ ಬ್ಯಾಟರಿಯು 1991ರಲ್ಲಿ ಮಾರುಕಟ್ಟೆಗೆ ಬಂದು, ಕ್ರಮೇಣ ವಾಹನಗಳಿಗೂ ಒದಗಿ, ಆ ಸಮಸ್ಯೆಯನ್ನು ಬಹುಮಟ್ಟಿಗೆ ಪರಿಹರಿಸಿತು. ಅದನ್ನು ರೂಪಿಸಿದ ಮೂವರು ವಿಜ್ಞಾನಿಗಳಿಗೆ 2019ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಎಡಿಸನ್ ತನ್ನ ದ್ರಾವಣಕ್ಕೆ ಚಿಟಿಕೆಯಷ್ಟು ಬೆರೆಸಿದ್ದ ಲಿಥಿಯಂ, ಬೇರೊಂದು ಬಗೆಯಲ್ಲಿ, ಈಗ ಮುಖ್ಯ ಪಾತ್ರವನ್ನು ವಹಿಸುತ್ತಿದೆ.

ಇಂದು ವಿದ್ಯುತ್ ವಾಹನವನ್ನು ಕೊಳ್ಳಲು ಹೊರಟವರು ಕೇಳುವ ಪ್ರಶ್ನೆಗಳು ಎಡಿಸನ್ ಕೇಳಿಕೊಂಡ ಪ್ರಶ್ನೆಗಳೇ ಆಗಿವೆ. ಬ್ಯಾಟರಿಯ ತೂಕವೆಷ್ಟು? ಅದು ಎಷ್ಟು ವರ್ಷ ಬಾಳುತ್ತದೆ? ಅದರ ಬೆಲೆಯನ್ನು ಬಾಳುವ ವರ್ಷಗಳಿಗೆ ಹಂಚಿದರೆ ಬೀಳುವ ಖರ್ಚೆಷ್ಟು? ಬಾಳಿಕೆಯ ವಸ್ತುವನ್ನು ನಿರ್ಮಿಸಿದರೆ ಮಾತ್ರ ಸಾಲದು, ಅದನ್ನು ಬಡವನ ಕೈಗೂ ನಿಲುಕುವ ಬೆಲೆಗೆ, ತಕ್ಕ ಕಾಲದಲ್ಲಿ ಒದಗಿಸಬೇಕೆಂಬುದನ್ನು ಅವನ ಸೋಲು ತಿಳಿಸುತ್ತದೆ. ಮಾರಿದ ವಸ್ತುವಿನಲ್ಲಿ ದೋಷ ಕಂಡಾಗ ಅದನ್ನು ಹಿಂದಕ್ಕೆ ಪಡೆದು, ಇಳಿವಯಸ್ಸಿನಲ್ಲಿಯೂ ಮೊದಲಿನಿಂದ ಕೆಲಸವನ್ನು ಆರಂಭಿಸಿದ ಅವನ ಪ್ರಾಮಾಣಿಕತೆ ಮತ್ತು ಛಲ, ಅವನು ಬೆಳಗಿಸಿದ ದೀಪದಷ್ಟೇ ಸ್ಮರಣೀಯವಾದುವು.